ರಕ್ತ ಕೊಟ್ಟವರ ಫೋಟೋ ಬರುತ್ತದೆ, ತೆಗೆದವರದ್ದು?

ನಮ್ಮ ಮೊಬೈಲಿಗೆ ವಾರಕ್ಕೆ ಎರಡು ಮೂರು ಸಲವಾದರೂ ಬರುವ ಮೆಸೇಜು ಅದು. "ಅಸ್ಸಲಾಮು ಅಲೈಕುಂ, ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕು, ಎರಡು ಯೂನಿಟ್, ದಯವಿಟ್ಟು ಎಲ್ಲಾ ಗ್ರೂಪಿಗೂ ಹಾಕಿ." ಯಾವ ಆಸ್ಪತ್ರೆ ಎಂದು ಇರುವುದಿಲ್ಲ, ತಾರೀಕಂತೂ ಇರುವುದೇ ಇಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ಆರು ತಿಂಗಳಾದರೂ ಆ ಮೆಸೇಜು ಮಾತ್ರ ದುಬೈ, ದಮ್ಮಾಮ್ ಸುತ್ತಿ ಮತ್ತೆ ಉಪ್ಪಿನಂಗಡಿಗೆ ಬರುತ್ತಾ ಇರುತ್ತದೆ. ನಮ್ಮ ಹುಡುಗರ ಮನಸ್ಸು ಒಳ್ಳೆಯದು, ಕಂಡ ಕೂಡಲೇ ಮುಂದಕ್ಕೆ ಕಳಿಸುತ್ತಾರೆ. ಎಷ್ಟೋ ಮಂದಿ ನಿಜಕ್ಕೂ ಬೈಕ್ ಹತ್ತಿ ಹೋಗಿ ಕೊಟ್ಟು ಬರುತ್ತಾರೆ. ಅದರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತದೆ. ಜಮಾಅತಿನ ಅಂಗಳದಲ್ಲಿ ಶಿಬಿರ, ವೇದಿಕೆಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖತೀಬರು, ಶಾಲು ಹೊದ್ದ ಅತಿಥಿ. ಮಂಚದಲ್ಲಿ ಮಲಗಿದ ಹುಡುಗ ಕ್ಯಾಮರಾಕ್ಕೆ ನಗುತ್ತಿರುತ್ತಾನೆ. ಅವನ ಮೊಣಕೈಯ ನರ ಹುಡುಕಿ ಸೂಜಿ ಇಟ್ಟ ಸಿಸ್ಟರ್ ಮಾತ್ರ ಫೋಟೋದ ಅಂಚಿನಲ್ಲಿ ಅರ್ಧ ಕೈ ಆಗಿ ಉಳಿದಿರುತ್ತಾರೆ.

ಈ ವಾರ ಆ ಅರ್ಧ ಕೈಯ ಬಗ್ಗೆ ಬರೆಯೋಣ ಎಂದು ಕೂತಿದ್ದೇವೆ.

ನಾವೀಗ ಇರುವುದು ಕೋಲಾರ ಜಿಲ್ಲೆಯ ಕಡೆ. ಮಾಲೂರು ತಾಲೂಕಿನ ಮಾಸ್ತಿ ಎಂದರೆ ಕನ್ನಡ ಓದಿದವರಿಗೆಲ್ಲ ಗೊತ್ತು, 1983ರ ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಊರು. ಕರಾವಳಿಯ ಬ್ಯಾರಿಗೆ ಇದು ಬೇರೆ ದೇಶದ ಹಾಗೆ ಕಾಣಬಹುದು, ಹೊಳೆ ಇಲ್ಲ, ತೆಂಗು ಅಷ್ಟಿಲ್ಲ, ಮುಸ್ಲಿಂ ಮನೆಗಳ ಮಾತು ದಖನಿ ಉರ್ದು, ಮದ್‌ಹಬ್ ಹನಫಿ. ಆದರೆ ಬಂಟ್ವಾಳದಿಂದ ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟುವ ರಾಷ್ಟ್ರೀಯ ಹೆದ್ದಾರಿ 75 ಇದ್ದಲ್ಲ, ಅದೇ ರಸ್ತೆ ಕೋಲಾರ, ಮುಳಬಾಗಿಲು ಮೂಲಕ ವೆಲ್ಲೂರಿಗೆ ಹೋಗುವುದು. ನಾವು ಇಲ್ಲಿಯ ಹುಡುಗರಿಗೆ ಹೇಳುವುದುಂಟು, ಈ ದಾರಿ ಹಿಡಿದು ಪಡುವಣಕ್ಕೆ ಹೋಗುತ್ತಾ ಇದ್ದರೆ ನಮ್ಮ ಮನೆ ಸಿಗುತ್ತದೆ ಎಂದು. ಮಾಲೂರು ಹೆಂಚಿಗೆ, ಇಟ್ಟಿಗೆಗೆ ಹೆಸರಾದ ಊರು ಎಂದರೆ ಮಂಗಳೂರು ಹೆಂಚಿನ ಕೆಳಗೆ ಹುಟ್ಟಿದವರಿಗೆ ಇನ್ನಷ್ಟು ಹತ್ತಿರ ಅನಿಸೀತು.

ಮಂಗಳೂರಿನಲ್ಲಿ ರಕ್ತ ಬೇಕಾದರೆ ನಾಲ್ಕು ಬಾಗಿಲು ತಟ್ಟಬಹುದು. ಲೇಡಿಗೋಷನ್ ಆವರಣದ ರೆಡ್ ಕ್ರಾಸ್, ವೆನ್ಲಾಕ್, ಆಮೇಲೆ ಒಂದೊಂದು ಮೆಡಿಕಲ್ ಕಾಲೇಜಿನದು ಒಂದೊಂದು. ಮಾಸ್ತಿಯಂಥ ಹೋಬಳಿಯವರಿಗೆ ಆ ಸುಖ ಇಲ್ಲ. ಕೋಲಾರದ ಜಿಲ್ಲಾ ಎಸ್‌ಎನ್‌ಆರ್ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಇಲ್ಲವೇ ಬೆಂಗಳೂರು, ಗಡಿ ದಾಟಿದರೆ ಹೊಸೂರು. ತಾಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ರಕ್ತ ಶೇಖರಣಾ ಘಟಕ ಮಾತ್ರ. ಅಲ್ಲಿ ದಾನಿಯಿಂದ ರಕ್ತ ತೆಗೆಯುವುದಿಲ್ಲ, ದೊಡ್ಡ ಕೇಂದ್ರದಿಂದ ತಂದು ಇಟ್ಟುಕೊಳ್ಳುವುದು. ಆದ್ದರಿಂದ ಈ ಕಡೆ ಶಿಬಿರ ಮಾಡಬೇಕಾದರೂ ಕೇಂದ್ರದವರೇ ಮಂಚ, ತಕ್ಕಡಿ, ಐಸ್ ಬಾಕ್ಸು ಎಲ್ಲ ಗಾಡಿಗೆ ಹಾಕಿಕೊಂಡು ಬರಬೇಕು. ಈಗ ಸರಕಾರಿ ಕಾಗದದಲ್ಲಿ ಬ್ಲಡ್ ಬ್ಯಾಂಕ್ ಎಂದು ಬರೆಯುವುದಿಲ್ಲ, 2020ರ ನಿಯಮ ತಿದ್ದುಪಡಿ ಆದಮೇಲೆ ಬ್ಲಡ್ ಸೆಂಟರ್. ಜನ ಮಾತ್ರ ಇಂದಿಗೂ ಬ್ಲಡ್ ಬ್ಯಾಂಕೇ ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ.

ಗಾಡಿಯಿಂದ ಮೊದಲು ಇಳಿಯುವವನು ಡ್ರೈವರ್. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಶಿಬಿರದ ದಿನ ಗಡಿಯಾರ ನೋಡುತ್ತಾ ಚಡಪಡಿಸುವವನು ಅವನೇ. ಕಾರಣ ಉಂಟು. ತೆಗೆದ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಬೇಕಾದರೆ ಆರರಿಂದ ಎಂಟು ಗಂಟೆಯೊಳಗೆ ಚೀಲ ಕೇಂದ್ರಕ್ಕೆ ಮುಟ್ಟಿ ಯಂತ್ರಕ್ಕೆ ಹೋಗಬೇಕು. ಹೊತ್ತು ಮೀರಿದರೆ ಕೆಂಪುಕಣ ಸಿಗುತ್ತದೆ, ಪ್ಲೇಟ್‌ಲೆಟ್ ಕೈತಪ್ಪುತ್ತದೆ. ನಮ್ಮಲ್ಲಿ ಉದ್ಘಾಟನಾ ಸಭೆ ಹತ್ತಕ್ಕೆ ಎಂದು ಕರಪತ್ರ ಹಾಕಿ ಹನ್ನೊಂದೂವರೆಗೆ ಶುರು ಮಾಡುತ್ತೇವೆ. ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಗೌರವ ಅತಿಥಿ, ಧನ್ಯವಾದ. ಅಷ್ಟರಲ್ಲಿ ಬೆಳಗ್ಗೆಯೇ ತಿಂದು ಬಂದ ದಾನಿಯ ಹೊಟ್ಟೆ ಖಾಲಿ. ಇತ್ತ ಸಿಬ್ಬಂದಿ ಗ್ಲೌಸ್ ಹಾಕಿ ಸುಮ್ಮನೆ ಕೂತಿರುತ್ತಾರೆ. ನಮ್ಮನ್ನು ಕೇಳಿದರೆ ಸಭೆಯನ್ನು ಒಂದು ದುಆದಲ್ಲಿ ಮುಗಿಸಿ ನೇರ ಕೆಲಸಕ್ಕೆ ಇಳಿಯುವುದು ಒಳ್ಳೆಯದು. ಹೇಳಿದ್ದೇವೆ, ಕೆಲವು ಕಡೆ ಕೇಳಿದ್ದಾರೆ, ಕೆಲವು ಕಡೆ ಮೈಕ್ ಬಿಡುವುದಿಲ್ಲ.

ಮಂಚಕ್ಕಿಂತ ಮೊದಲು ಒಂದು ಮೇಜು ಇರುತ್ತದೆ. ಅಲ್ಲಿ ಕೂರುವವರು ಕೌನ್ಸೆಲರ್. ಫಾರಂ ತುಂಬಿಸುವ ಗುಮಾಸ್ತರು ಎಂದು ನಮ್ಮವರು ತಿಳಿಯುತ್ತಾರೆ. ಹಾಗಲ್ಲ. ವಯಸ್ಸು 18 ದಾಟಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು ಎಂಬುದೆಲ್ಲ ಸುಲಭದ ಪ್ರಶ್ನೆ. ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು ಎಂಬುದನ್ನೂ ಕೇಳಿ ಬರೆದುಕೊಳ್ಳಬಹುದು. ಕಷ್ಟದ ಪ್ರಶ್ನೆ ಆಮೇಲಿನದು. ಕಾಮಾಲೆ ಬಂದಿತ್ತಾ? ಹಚ್ಚೆ ಹಾಕಿಸಿದ್ದೀರಾ? ಯಾವ ಮಾತ್ರೆ ತಿನ್ನುತ್ತಿದ್ದೀರಿ? ನಿನ್ನೆ ರಾತ್ರಿ ಕುಡಿದಿದ್ದೀರಾ? ದಾಂಪತ್ಯದ ಹೊರಗೆ ಸಂಬಂಧ ಉಂಟಾ? ಇದನ್ನು ಒಬ್ಬ ಅಪರಿಚಿತ ಹುಡುಗನಿಗೆ ಮುಖ ನೋಡಿ ಕೇಳಬೇಕು, ಅವನು ಎದ್ದು ಹೋಗದ ಹಾಗೆ, ಸುಳ್ಳೂ ಹೇಳದ ಹಾಗೆ. ಯಾಕೆ ಇಷ್ಟು ಎಂದರೆ, ಸೋಂಕು ತಗುಲಿದ ಮೊದಲ ದಿನಗಳಲ್ಲಿ ರೋಗಾಣು ರಕ್ತದಲ್ಲಿದ್ದರೂ ಪರೀಕ್ಷೆಗೆ ಸಿಕ್ಕದೇ ಹೋಗುವ ಒಂದು ಅವಧಿ ಉಂಟು. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ಯಂತ್ರಕ್ಕಿಂತ ಹೆಚ್ಚಾಗಿ ದಾನಿಯ ನಾಲಗೆ.

ಇನ್ನು ಆ ಮೇಜಿನ ಪಕ್ಕದಲ್ಲೇ ಉಸ್ತಾದರು ಟೋಪಿ ಹಾಕಿ ನಿಂತಿದ್ದರೆ ಯಾವ ಹುಡುಗ ಬಾಯಿ ಬಿಟ್ಟಾನು? ನಾವು ಮದ್ರಸದಲ್ಲಿ ಅಲಿಫ್ ಕಲಿಸಿದ ಹುಡುಗ ನಮ್ಮೆದುರು "ಹೌದು ಸರ್, ಹಚ್ಚೆ ಉಂಟು" ಎನ್ನುತ್ತಾನಾ? ಎಲ್ಲದಕ್ಕೂ ಇಲ್ಲ ಇಲ್ಲ ಎಂದು ಟಿಕ್ ಹಾಕಿಸಿ ಮಂಚಕ್ಕೆ ಹೋಗುತ್ತಾನೆ. ಕಮಿಟಿಯವರು, ಉಸ್ತಾದರು, ಹುಡುಗನ ಮಾವ, ಚಿಕ್ಕಪ್ಪ ಎಲ್ಲರೂ ಆ ಮೇಜಿನಿಂದ ಮಾತು ಕೇಳದಷ್ಟು ದೂರ ನಿಲ್ಲಬೇಕು. ಒಳಗೆ ಹೋದವನು ಕೊಡದೆ ಹೊರಗೆ ಬಂದರೆ "ಏನಾಯಿತು, ಯಾಕೆ ರಿಜೆಕ್ಟ್" ಎಂದು ಕೇಳಲೂ ಬಾರದು. ಕೌನ್ಸೆಲರ್ ಯಾರಿಗೂ ಹೇಳುವುದಿಲ್ಲ, ಹೇಳುವ ಹಾಗಿಲ್ಲ. ಆ ಗುಟ್ಟು ಕಾಯುವುದು ಅವರ ಕೆಲಸದ ಅರ್ಧ ಭಾಗ. ಅಮಾನತ್ ಎಂದರೆ ಏನೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ, ಅವರು ದಿನವೂ ನಡೆಸುತ್ತಾರೆ.

ಹೆಂಗಸರ ವಿಷಯ ಇನ್ನೊಂದು. ಮಕ್ಕಳನ್ನು ಬಿಡಲು ಬರುವ ಉಮ್ಮಂದಿರಲ್ಲಿ ಕೆಲವರು ನಾವೂ ಕೊಡುತ್ತೇವೆ ಎಂದು ಮುಂದೆ ಬರುತ್ತಾರೆ. ಬೆರಳ ತುದಿ ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 9, 10. ಬೇಕಾದದ್ದು 12.5. ಸಿಸ್ಟರ್ ಬೇಡ ಎನ್ನುತ್ತಾರೆ. ತಾಯಿಗೆ ಅವಮಾನ ಆದ ಹಾಗೆ, ತನ್ನ ರಕ್ತ ಬೇಡವಂತೆ ಎಂದು ಮುಖ ಸಪ್ಪೆ. ಒಳ್ಳೆಯ ಕೇಂದ್ರದ ಸಿಬ್ಬಂದಿ ಆಗ ಅವರನ್ನು ಹಾಗೇ ಕಳಿಸುವುದಿಲ್ಲ. ಪಕ್ಕಕ್ಕೆ ಕೂರಿಸಿ, "ಅಕ್ಕ, ನಿಮಗೇ ರಕ್ತ ಕಮ್ಮಿ ಐತೆ, ಆಸ್ಪತ್ರೆಗೋಗಿ ತೋರ್ಸಿ, ಕಬ್ಬಿಣದ ಮಾತ್ರೆ ತಗೊಳ್ಳಿ, ಊಟ ಆದ್ಕೂಡ್ಲೇ ಟೀ ಕುಡೀಬೇಡಿ" ಎಂದು ಹೇಳಿ ಕಳಿಸುತ್ತಾರೆ. ಊಟದ ಜೊತೆಗಿನ ಚಹಾ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ, ಇದು ಚಹಾ ಬಿಡದ ನಮ್ಮ ಮನೆಗಳಿಗೆಲ್ಲ ಬೇಕಾದ ಮಾತು. ಎಷ್ಟೋ ಹೆಂಗಸರಿಗೆ ತಮ್ಮ ಮೈಯಲ್ಲಿ ರಕ್ತ ಎಷ್ಟುಂಟು ಎಂದು ಮೊದಲ ಸಲ ತಿಳಿಯುವುದೇ ಶಿಬಿರದ ಆ ಒಂದು ಹನಿಯಿಂದ. ಹೆಂಗಸರಿಗೆ ಬೇರೆ ಕೋಣೆ ಅಥವಾ ಪರದೆ, ಸೂಜಿ ಹಾಕಲು ಸಿಸ್ಟರ್‌ಗಳೇ, ತೋಳು ಮೇಲಕ್ಕೆ ಸರಿಯುವಂಥ ಉಡುಪು ಹಾಕಿ ಬನ್ನಿ ಎಂಬ ಒಂದು ಸೂಚನೆ. ಇಷ್ಟನ್ನು ಮುಂಚಿತವಾಗಿ ಹೇಳಿದರೆ ಕೇಂದ್ರದವರು ಸಂತೋಷದಿಂದ ವ್ಯವಸ್ಥೆ ಮಾಡುತ್ತಾರೆ. ಅಂದು ಬೆಳಗ್ಗೆ ಹೇಳಿದರೆ ಆಗುವುದಿಲ್ಲ.

ಶಿಬಿರ ಮುಗಿದು ನಾವು ಬಿರಿಯಾನಿ ಊಟಕ್ಕೆ ಕೂರುವ ಹೊತ್ತಿಗೆ ಅವರ ದೊಡ್ಡ ಕೆಲಸ ಶುರುವಾಗುತ್ತದೆ. 350 ಅಥವಾ 450 ಮಿಲಿಲೀಟರಿನ ಆ ಚೀಲ ತಿರುಗುವ ಯಂತ್ರಕ್ಕೆ ಹೋಗಿ ಮೂರಾಗುತ್ತದೆ. ಕೆಂಪುಕಣ 2ರಿಂದ 6 ಡಿಗ್ರಿ ತಂಪಿನಲ್ಲಿ, ಚೀಲದ ದ್ರಾವಣ ನೋಡಿಕೊಂಡು 35 ಇಲ್ಲವೇ 42 ದಿನ. ಪ್ಲಾಸ್ಮಾ ಮೈನಸ್ 30ರ ಕೆಳಗೆ ಒಂದು ವರ್ಷ. ಪ್ಲೇಟ್‌ಲೆಟ್ ತಂಪಿನಲ್ಲಿ ಇಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ ತೊಟ್ಟಿಲ ಹಾಗೆ ಅಲ್ಲಾಡುತ್ತಲೇ ಇರಬೇಕು, ಆದರೂ ಬಾಳುವುದು ಐದೇ ದಿನ. ಜೊತೆಗೆ ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದು ಪರೀಕ್ಷೆ. ಇದನ್ನೆಲ್ಲ ಮಾಡುವ ಲ್ಯಾಬ್ ಟೆಕ್ನೀಷಿಯನ್‌ಗಳಲ್ಲಿ ಅನೇಕರು ಗುತ್ತಿಗೆ ನೌಕರರು. ಬಳಸಿದ ಸೂಜಿ, ಕೊಳವೆ, ಸೋಂಕಿದೆ ಎಂದು ಪಕ್ಕಕ್ಕಿಟ್ಟ ಚೀಲ, ಇದನ್ನೆಲ್ಲ ಸಾಗಿಸುವ ಡಿ ಗ್ರೂಪಿನವರ ಸಂಬಳ ಅದಕ್ಕಿಂತಲೂ ಕಡಿಮೆ. ಸೂಜಿ ಚುಚ್ಚುವ ಭಯ ಎಲ್ಲರಿಗಿಂತ ಹೆಚ್ಚು ಅವರಿಗೇ. ದಾನಿಗೆ ಕೊಡುವ ಸರ್ಟಿಫಿಕೇಟಿನಲ್ಲಿ ಅವರ ಹೆಸರಿಗೆ ಜಾಗವೇ ಇಲ್ಲ.

ರಾತ್ರಿ ಪಾಳಿಯ ಟೆಕ್ನೀಷಿಯನ್ ಒಬ್ಬನೇ ಇರುತ್ತಾನೆ, ಹೆಚ್ಚೆಂದರೆ ಇಬ್ಬರು. ಎರಡು ಗಂಟೆಗೆ ಕಿಟಕಿಯ ಹತ್ತಿರ ಜನ. ಹೆರಿಗೆಯಾದ ಹೆಣ್ಣಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಡಾಕ್ಟರ್ ಚೀಟಿ ಕೊಟ್ಟಿದ್ದಾರೆ. ಗಂಡ, ತಮ್ಮ, ಬಾಡಿಗೆ ಕಾರಿನ ಡ್ರೈವರ್ ಮೂವರೂ ಗಾಜು ತಟ್ಟುತ್ತಾರೆ. ಫ್ರಿಜ್ಜಿನಲ್ಲಿ ಅದೇ ಗುಂಪಿನ ಪ್ಯಾಕೆಟು ಕಣ್ಣಿಗೇ ಕಾಣುತ್ತಿರುತ್ತದೆ. "ಇಟ್ಕೊಂಡೇ ಕೊಡ್ತಾ ಇಲ್ಲ" ಎಂಬ ಕೂಗು ಹುಟ್ಟುವುದು ಅಲ್ಲಿ. ಒಳಗಿನವನು ಕ್ರಾಸ್ ಮ್ಯಾಚ್ ಮಾಡುತ್ತಿರುತ್ತಾನೆ, ಅಂದರೆ ರೋಗಿಯ ರಕ್ತದ ಮಾದರಿಯನ್ನು ಆ ಚೀಲದ ರಕ್ತದ ಜೊತೆ ಕೂಡಿಸಿ, ಹೊಂದುತ್ತದಾ ಇಲ್ಲವಾ ನೋಡುವುದು. ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಗುಂಪು ಒಂದೇ ಆದರೂ ಹೊಂದದೇ ಹೋಗುವುದುಂಟು. ಅವಸರದಲ್ಲಿ ಹೆಸರು, ನಂಬರು ಅದಲು ಬದಲಾದರೆ ಸಾಯುವುದು ರೋಗಿ. ಮುಂಬೈಯಲ್ಲಿ 1952ರಲ್ಲಿ ಕಂಡುಹಿಡಿದ ಬಾಂಬೆ ಗುಂಪು ಎಂಬುದೊಂದಿದೆ, ಮೇಲಿಂದ ನೋಡಿದರೆ ಓ ಎಂದೇ ಕಾಣುತ್ತದೆ, ಆದರೆ ಅವರಿಗೆ ಓ ರಕ್ತವೂ ಆಗದು. ಅದು ಬಯಲಾಗುವುದು ಇಂಥ ತಾಳ್ಮೆಯ ಪರೀಕ್ಷೆಯಲ್ಲೇ. ಹೊರಗೆ ಬೈಗುಳ ಕೇಳುತ್ತಾ ಒಳಗೆ ಕೈ ನಡುಗದೆ ಹನಿ ಎಣಿಸುವುದು ಎಲ್ಲರಿಂದ ಆಗುವ ಕೆಲಸ ಅಲ್ಲ.

ಇನ್ನೊಂದು ಜಗಳ ಪ್ಯಾಕೆಟು ವಾಪಸ್ ಕೊಡುವಾಗಿನದು. ದೂರದ ನರ್ಸಿಂಗ್ ಹೋಮಿಗೆಂದು ತೆಗೆದುಕೊಂಡು ಹೋಗಿ, ಡಾಕ್ಟರ್ ಬೇಡ ಎಂದರು ಎಂದು ತರುತ್ತಾರೆ. ತಂಪಿನಿಂದ ಹೊರಗೆ ಅರ್ಧ ಗಂಟೆ ದಾಟಿದರೆ ಅದನ್ನು ಮತ್ತೆ ಒಳಗೆ ಸೇರಿಸುವ ಹಾಗಿಲ್ಲ. ಕೋಲಾರದಿಂದ ಮಾಸ್ತಿ ಕಡೆಗೆ ಬರುವವರು ನೆನಪಿಡಿ, ಐಸ್ ಪ್ಯಾಕ್ ಇರುವ ಡಬ್ಬಿ ಇಲ್ಲದೆ ತರಕಾರಿ ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಮಂಜುಗಡ್ಡೆಗೆ ನೇರ ತಾಗಿಸಿ ಇಡುವುದೂ ತಪ್ಪು, ಕೆಂಪುಕಣ ಒಡೆದು ಹೋಗುತ್ತದೆ.

ಈಗ ದುಡ್ಡಿನ ಮಾತಿಗೆ ಬರೋಣ. "ನಾವು ಪುಕ್ಕಟೆ ಕೊಟ್ಟ ರಕ್ತವನ್ನು ಅವರು ಮಾರುತ್ತಾರೆ" ಎಂಬ ಮಾತು ನಮ್ಮ ಅಂಗಡಿ ಜಗಲಿಗಳಲ್ಲಿ ಬಹಳ. ಇದಕ್ಕೆ ಒಂದು ಹಳೆಯ ಕಾರಣ ಉಂಟು. ನಮ್ಮ ದೇಶದಲ್ಲಿ ರಕ್ತ ನಿಜವಾಗಿಯೂ ಮಾರಾಟವಾಗುತ್ತಿತ್ತು. ಹಸಿದವರು, ಕುಡಿತಕ್ಕೆ ಬಿದ್ದವರು ವಾರಕ್ಕೊಮ್ಮೆ ಬಂದು ಕೊಟ್ಟು ಕಾಸು ಪಡೆಯುತ್ತಿದ್ದರು. ಕಾಮನ್ ಕಾಸ್ ಸಂಸ್ಥೆ ಹೂಡಿದ ಕೇಸಿನಲ್ಲಿ 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಂತಿತು. ರಾಷ್ಟ್ರೀಯ ಮತ್ತು ರಾಜ್ಯ ರಕ್ತ ಪೂರಣ ಪರಿಷತ್ತುಗಳು ಹುಟ್ಟಿದ್ದೂ ಆ ತೀರ್ಪಿನಿಂದ. ಈಗ ಕೇಂದ್ರಗಳು ಪಡೆಯಬಹುದಾದದ್ದು ಸಂಸ್ಕರಣೆಯ ಖರ್ಚು ಮಾತ್ರ. ಚೀಲ, ಪರೀಕ್ಷೆಯ ಕಿಟ್, ತಂಪಿನ ಯಂತ್ರ, ಸಂಬಳ ಎಲ್ಲ ಸೇರಿ. 2022ರ ಪರಿಷ್ಕರಣೆಯಂತೆ ಒಂದು ಯೂನಿಟ್ ಕೆಂಪುಕಣಕ್ಕೆ ಸರಕಾರಿ ಕೇಂದ್ರದಲ್ಲಿ 1,100 ರೂಪಾಯಿ, ಖಾಸಗಿಯಲ್ಲಿ 1,550 ರೂಪಾಯಿ ಮಿತಿ. ಇದರ ಮೇಲೆ ಏನನ್ನೂ ಕೇಳಬಾರದು ಎಂದು ಔಷಧ ನಿಯಂತ್ರಕರು 2023ರ ಡಿಸೆಂಬರ್ ಕೊನೆಯಲ್ಲಿ ರಾಜ್ಯಗಳಿಗೆ ಮತ್ತೆ ಬರೆದರು. ಹೆಚ್ಚು ಕೇಳಿದರೆ ರಶೀದಿ ಕೇಳಿ, ದೂರು ಕೊಡಿ. ಆದರೆ ನಿಯಮದ ಪ್ರಕಾರ ಪಡೆಯುವವರನ್ನು ರಕ್ತ ವ್ಯಾಪಾರಿ ಎಂದು ಕರೆಯುವುದು ನ್ಯಾಯವಲ್ಲ.

ರಕ್ತದ ಬೆಲೆ ಪಡೆಯುವುದನ್ನು ಪ್ರವಾದಿಯವರು ﷺ ತಡೆದಿದ್ದಾರೆಂಬುದು ಹದೀಸ್ ಓದಿದವರಿಗೆಲ್ಲ ಗೊತ್ತು. ಹಾಗಾಗಿ ಹಳೆಯ ತಲೆಮಾರಿನ ಕೆಲವು ಉಸ್ತಾದರಿಗೆ ಈ ವಿಷಯದಲ್ಲಿ ಹಿಂಜರಿಕೆ ಇತ್ತು, ರಕ್ತ ನಜಸ್ ಎಂಬ ಮಾತೂ ಸೇರಿ. ಜೀವ ಉಳಿಸುವ ಅನಿವಾರ್ಯತೆಯಲ್ಲಿ ದಾನ ಕೊಡುವುದನ್ನು, ಪಡೆಯುವುದನ್ನು ಉಲಮಾಗಳು ಅನುಮತಿಸಿದ್ದಾರೆ, ಮಾರುವುದನ್ನಲ್ಲ. ಪರೀಕ್ಷೆಯ ಖರ್ಚು ರಕ್ತದ ಬೆಲೆಯಲ್ಲ. ಮೀನು ಪುಕ್ಕಟೆ ಸಿಕ್ಕರೂ ಐಸಿಗೆ, ಟೆಂಪೋಕ್ಕೆ ಕೊಡಲೇಬೇಕು ಎಂದರೆ ಬಂದರಿನವರಿಗೆ ಬೇಗ ಅರ್ಥವಾದೀತು.

ತಲಸ್ಸೇಮಿಯಾ ಮಕ್ಕಳ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಅವರಿಗೆ ರಕ್ತ ಬೇಕು, ಜೀವಮಾನವಿಡೀ. ಇಂಥ ಮಕ್ಕಳಿಗೆ ಆ ಸಂಸ್ಕರಣೆ ಶುಲ್ಕವೂ ಇಲ್ಲ ಎಂದು ರಾಷ್ಟ್ರೀಯ ಪರಿಷತ್ತಿನ ಸೂಚನೆ ಉಂಟು, ಗೊತ್ತಿಲ್ಲದೆ ಕಟ್ಟುವವರೂ ಇದ್ದಾರೆ. ಕೇಂದ್ರದ ಸಿಬ್ಬಂದಿಗೆ ಈ ಮಕ್ಕಳ ಹೆಸರು, ಶಾಲೆ, ಇಷ್ಟದ ಬಿಸ್ಕತ್ತು ಎಲ್ಲ ಗೊತ್ತಿರುತ್ತದೆ. ಬರಬೇಕಾದ ದಿನ ಮಗು ಬರದಿದ್ದರೆ ಮನೆಗೆ ಫೋನ್ ಮಾಡುವವರೂ ಅವರೇ. ರೋಗದ ವಾಹಕರಾದ ಇಬ್ಬರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನ ಮಗ, ಅತ್ತೆ ಮಗಳು ಎಂದು ಕುಟುಂಬದ ಒಳಗೇ ಸಂಬಂಧ ಬೆಳೆಸುವ ನಮ್ಮಲ್ಲಿ ವಾಹಕರು ಜೊತೆಯಾಗುವ ಸಂದರ್ಭ ಜಾಸ್ತಿ. ನಿಕಾಹ್‌ಗೆ ಮೊದಲು ಒಂದು ಎಚ್‌ಬಿಎ2 ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಮಹರ್, ಮೆನು, ಹಾಲು ಬಣ್ಣದ ಶೇರ್ವಾನಿ ಎಲ್ಲದಕ್ಕೂ ತಿಂಗಳುಗಟ್ಟಲೆ ಚರ್ಚೆ ಆಗುತ್ತದೆ, ಇದಕ್ಕೆ ಒಂದು ಬೆಳಗ್ಗೆ ಸಾಕು.

ಸಿಬ್ಬಂದಿಯನ್ನು ಕೇಳಿ ನೋಡಿ, ಅವರ ದೊಡ್ಡ ತಲೆನೋವು ರಕ್ತ ಇಲ್ಲದ್ದು ಮಾತ್ರವಲ್ಲ, ಒಮ್ಮೆಲೇ ಬಂದದ್ದೂ ಹೌದು. ಮೀಲಾದ್, ಆಗಸ್ಟ್ 15, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ನಾಯಕರ ಹುಟ್ಟುಹಬ್ಬ. ಆ ದಿನ ಒಂದೇ ಕಡೆ ಇನ್ನೂರು ಮಂದಿ ಸಾಲು. "ಐವತ್ತು ಸಾಕು, ಉಳಿದವರು ಮುಂದಿನ ತಿಂಗಳು ಬನ್ನಿ" ಎಂದರೆ ಕಮಿಟಿಗೆ ಸಿಟ್ಟು, ದಾಖಲೆ ಮಾಡಬೇಕಿತ್ತು ಎಂದು. ಹಾಗೆ ತೆಗೆದದ್ದರಲ್ಲಿ ಒಂದಷ್ಟು ಅವಧಿ ಮುಗಿದು ನಾಶವಾಗುತ್ತದೆ. ಏಪ್ರಿಲ್, ಮೇ ಬಂದರೆ ಕಾಲೇಜು ರಜೆ, ಶಿಬಿರವಿಲ್ಲ. ಮಳೆ ಶುರುವಾದರೆ ಡೆಂಗ್ಯೂ, ಪ್ಲೇಟ್‌ಲೆಟಿಗೆ ಪರದಾಟ. ನೆಗೆಟಿವ್ ಗುಂಪಿನವರು ನಮ್ಮಲ್ಲಿ ನೂರಕ್ಕೆ ಐದಾರು ಮಂದಿ, ಅವರು ಮೀಲಾದಿಗೇ ಕೊಟ್ಟು ಬಿಟ್ಟರೆ ಮೂರು ತಿಂಗಳು ಕರೆಯುವ ಹಾಗಿಲ್ಲ. ಕರಾವಳಿಯಲ್ಲಿ ಬ್ಲಡ್ ಡೋನರ್ಸ್ ಮಂಗಳೂರು ಥರದ ಸಂಘಟನೆಗಳ ಹುಡುಗರು ಗುಂಪುವಾರು ಪಟ್ಟಿ ಇಟ್ಟು ಬೇಕಾದಾಗ ಕರೆಯುವ ಕ್ರಮ ನಡೆಸುತ್ತಾರೆ, ಅದು ಈ ಕಡೆಗೂ ಬರಬೇಕು. ಯಾವ ಕೇಂದ್ರದಲ್ಲಿ ಯಾವ ಗುಂಪು ಎಷ್ಟುಂಟು ಎಂದು ಇ-ರಕ್ತಕೋಶ್ ಎಂಬ ಸರಕಾರಿ ತಾಣದಲ್ಲಿ ನೋಡಬಹುದು. ಮೆಸೇಜು ಮುಂದಕ್ಕೆ ಕಳಿಸುವ ಮೊದಲು ಅದನ್ನೊಮ್ಮೆ ನೋಡಿ, ಆಸ್ಪತ್ರೆ ಹೆಸರು, ತಾರೀಕು ಸೇರಿಸಿ.

ರಮಝಾನ್ ತಿಂಗಳು ಬೇರೆಯದೇ ಕತೆ. ನಮ್ಮ ಹುಡುಗರು ಹೆಚ್ಚಿರುವ ಕಡೆ ಆ ಮೂವತ್ತು ದಿನ ದಾನಿಗಳೇ ಸಿಗುವುದಿಲ್ಲ. ನೋಂಬು ಮುರಿಯುತ್ತದಾ ಉಸ್ತಾದ್ ಎಂದು ನಮ್ಮನ್ನು ಕೇಳುತ್ತಾರೆ. ಶಾಫಿ ಮದ್‌ಹಬಿನಲ್ಲಿ ಹಿಜಾಮದಿಂದ ನೋಂಬು ಮುರಿಯುವುದಿಲ್ಲ, ರಕ್ತದಾನಕ್ಕೂ ಉಲಮಾಗಳು ಅದನ್ನೇ ಹೇಳುತ್ತಾರೆ. ಇಲ್ಲಿಯ ಹನಫಿ ಮನೆಗಳಲ್ಲೂ ಅದೇ ಮಾತು. ಆದರೆ ನೀರು ಕುಡಿಯದೆ ರಕ್ತ ಕೊಟ್ಟು ತಲೆ ಸುತ್ತಿ ಬೀಳುವುದು ಬೇಡ, ಕೇಂದ್ರದವರೂ ಉಪವಾಸ ಇರುವವರಿಂದ ತೆಗೆಯುವುದಿಲ್ಲ. ಇಫ್ತಾರ್ ಆಗಿ, ಹೊಟ್ಟೆ ತುಂಬ ಉಂಡು, ತರಾವೀಹ್ ಮುಗಿಸಿ ಕೊಡಬಹುದು. ಹಾಗೆ ರಾತ್ರಿ ಶಿಬಿರ ಇಡುವುದಾದರೆ ಹಿಂದಿನ ವಾರವೇ ತಿಳಿಸಬೇಕು. ಹಗಲಿಡೀ ಕೆಲಸ ಮಾಡಿದವರೇ ರಾತ್ರಿ ಗಾಡಿ ಹತ್ತಬೇಕಾಗುತ್ತದೆ. ಅವರಲ್ಲಿ ನೋಂಬು ಹಿಡಿದವರೂ ಇರುತ್ತಾರೆ. ಲ್ಯಾಬಿನೊಳಗೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಬಾಂಗ್ ಕೇಳಿದ ಮೇಲೆ ಕೈಯಲ್ಲಿದ್ದ ಮಾದರಿ ಮುಗಿಸಿ, ಗ್ಲೌಸ್ ಬಿಚ್ಚಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಹೊರಗಿನ ಜಗಲಿಗೆ ಬಂದು ಒಂದು ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು ಮತ್ತೆ ಒಳಗೆ ಹೋಗುತ್ತಾರೆ. ಒಳಗೆ ಯಾರದೋ ಚೀಟಿ ಕಾಯುತ್ತಿರುತ್ತದೆ.